ಸಂದಿಯ ಪಾಲು

ನಮ್ಮ ಊರಿನಲ್ಲಿ ಗಂಡ ಹೆಂಡತಿ ಬೇರೆಯಾದರೆ ಮನೆಯ ನಡುವೆ ಗೋಡೆ ಏಳುತ್ತದೆ. ಒಂದು ಗೋಡೆ ಸಾಲದು, ಎರಡು ಏಳಬೇಕು. ಗಂಡನ ಗೋಡೆಯನ್ನು ಗಂಡನೇ ಕಟ್ಟಬೇಕು, ಹೆಂಡತಿಯದನ್ನು ಹೆಂಡತಿಯೇ ಕಟ್ಟಬೇಕು. ಎರಡರ ನಡುವೆ ಒಬ್ಬ ಮನುಷ್ಯ ಮಗ್ಗುಲಾಗಿ ನಿಲ್ಲುವಷ್ಟು ಜಾಗ ಬಿಡಬೇಕು. ಆ ಜಾಗಕ್ಕೆ ಸಂದಿ ಎನ್ನುತ್ತೇವೆ. ಸಂದಿಗೆ ಬಾಗಿಲಿಲ್ಲ, ಸೂರಿಲ್ಲ. ಮೇಲಿನಿಂದ ಬಿಸಿಲು ಬಿದ್ದರೆ ಬಿತ್ತು, ಮಳೆ ಬಿದ್ದರೆ ಬಿತ್ತು.

ಊರಿನ ಯಾವ ಬೀದಿಯಲ್ಲಿ ನಿಂತು ನೋಡಿದರೂ ಹೆಂಚುಗಳ ನಡುವೆ ಅಂಥ ಕಪ್ಪು ಗೆರೆಗಳು ಕಾಣುತ್ತವೆ. ಹೊಸಬರು ಬಂದರೆ ಅದೇನು ಎಂದು ಕೇಳುತ್ತಾರೆ. ಗಾಳಿಗೆ ಬಿಟ್ಟಿದ್ದು ಎಂದು ನಾವು ಹೇಳುತ್ತೇವೆ. ನಾಚಿಕೆ ಅಂತಲ್ಲ, ವಿವರಿಸುತ್ತಾ ಕೂರುವವರು ಯಾರು?

ಈ ಕೆಲಸಕ್ಕೆ ಊರಿಗೆಲ್ಲ ಒಬ್ಬಳೇ ವಕೀಲಮ್ಮ. ಗಂಡನಿಗೂ ಅವಳೇ, ಹೆಂಡತಿಗೂ ಅವಳೇ. ಅವಳ ಮನೆ ಬಾಗಿಲು ಎತ್ತಿನಗಾಡಿ ನುಗ್ಗುವಷ್ಟು ಅಗಲ. ಆದರೂ ಒಳಗೆ ಹೋಗುವಾಗ, ಹೊರಗೆ ಬರುವಾಗ, ಅವಳು ಭುಜ ತಿರುಗಿಸಿ ಮಗ್ಗುಲಾಗಿಯೇ ದಾಟುತ್ತಿದ್ದಳು. ಅದೇಕೆ ಎಂದು ಮಕ್ಕಳು ನಗುತ್ತಿದ್ದರು. ದೊಡ್ಡವರು ಮಕ್ಕಳನ್ನು ಗದರುತ್ತಿದ್ದರು.

ಅವಳ ಬಳಿ ಒಂದು ಜಾಗಟೆ ಇತ್ತು, ಅದನ್ನು ಬಡಿಯುವ ಕೋಲು ಇತ್ತು, ಕೂರಲು ಬಂದವರಿಗೆ ಒಂದು ಮಣೆ ಇತ್ತು. ಅವಳಿಗೆ ಕಟ್ಟುಪಾಡೂ ಒಂದೇ. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರ ಕಿವಿಗೆ ದಾಟಿಸಬಾರದು. ದಾಟಿಸಿದರೆ ಆ ಕ್ಷಣಕ್ಕೆ ಅವಳು ವಕೀಲಮ್ಮ ಅಲ್ಲ.

ಆ ಬೇಸಿಗೆಯಲ್ಲಿ ಬಾವಿಕಟ್ಟೆಯ ಬೀದಿಯ ಒಬ್ಬ ಹೆಂಗಸು ಅವಳ ಮಣೆಯ ಮೇಲೆ ಬಂದು ಕೂತಳು. ಏಕೆ ಬೇರೆಯಾಗುತ್ತಿದ್ದೀಯೆ ಎಂದು ವಕೀಲಮ್ಮ ಕೇಳಲಿಲ್ಲ. ನಮ್ಮ ಊರಲ್ಲಿ ಅದನ್ನು ಕೇಳುವ ಪದ್ಧತಿಯಿಲ್ಲ. ಆದರೂ ಹೆಂಗಸು ತಾನಾಗಿಯೇ ಹೇಳಿದಳಂತೆ, ಊಟ ಆಯಿತಾ ಎಂದು ಅವನು ಕೇಳುವುದು ಬಿಟ್ಟು ಬಹಳ ಕಾಲವಾಯಿತು, ತಾನು ಕೇಳುವುದೂ ನಿಂತುಹೋಯಿತು ಎಂದು. ಯಾರು ಮೊದಲು ನಿಲ್ಲಿಸಿದ್ದು ಅನ್ನುವುದು ಅವಳಿಗೆ ನೆನಪಿರಲಿಲ್ಲ.

ವಕೀಲಮ್ಮ ಅವಳಿಗೆ ಪಾಲಿನ ಕ್ರಮ ತಿಳಿಸಿದಳು. ಮನೆಯ ನಟ್ಟನಡುವೆ ಸುಣ್ಣದ ಗೆರೆ ಎಳೆಯುತ್ತಾರೆ. ಗಂಡ ಹೆಂಡತಿ ಆ ಗೆರೆಯ ಮೇಲೆ ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಬೇಕು. ಗೆರೆ ಎಳೆದ ಮೇಲೆ ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ಮನೆಯ ವಸ್ತುಗಳನ್ನು ಒಂದೊಂದಾಗಿ ಎದುರಿಗೆ ತರುತ್ತಾರೆ. ಜಾಗಟೆ ಬಡಿದ ಕೂಡಲೇ ಇಬ್ಬರೂ ಒಟ್ಟಿಗೆ ಬಾಯಿಬಿಟ್ಟು 'ನನ್ನದು' ಅನ್ನಬೇಕು, ಇಲ್ಲವೇ 'ನಿನ್ನದು' ಅನ್ನಬೇಕು. ಒಬ್ಬರು ನನ್ನದು ಎಂದು ಇನ್ನೊಬ್ಬರು ನಿನ್ನದು ಎಂದರೆ ಜಗಳವೇ ಇಲ್ಲ, ಅದು ನನ್ನದು ಎಂದವರ ಕಡೆಗೆ ಹೋಗುತ್ತದೆ. ಇಬ್ಬರೂ ನನ್ನದು ಎಂದರೆ ಅದು ಸಂದಿಗೆ. ಇಬ್ಬರೂ ನಿನ್ನದು ಎಂದರೂ ಅದು ಸಂದಿಗೇ. ಇಬ್ಬರದ್ದೂ ಆದದ್ದು, ಇಬ್ಬರದ್ದೂ ಅಲ್ಲದ್ದು, ಎರಡಕ್ಕೂ ಜಾಗ ಒಂದೇ. ಜಾಗಟೆಯ ಸದ್ದಿನಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು, ಮಗುವನ್ನೂ ಹೀಗೇ ತರುತ್ತಾರಾ ಎಂದು ಕೇಳಿದಳು. ಕೊನೆಗೆ ತರುತ್ತಾರೆ ಎಂದಳು ವಕೀಲಮ್ಮ.

"ಹಾಗಾದ್ರೆ ಕೇಳಿ ವಕೀಲಮ್ಮ. ನನಗೆ ಬೇರೇನೂ ಬೇಡ. ಮಗು ಸಂದಿಗೆ ಹೋಗಬಾರದು, ಅಷ್ಟೇ. ಅವನು ಜನ್ಮದಲ್ಲಿ ಒಂದು ಸಲ ಬಿಟ್ಟುಕೊಟ್ಟೋನಲ್ಲ. ಚಳೀಲಿ ಹೊದಿಕೆ ಎಳ್ಕೊಂಡ್ರೆ ಬೆಳಗಿನ ತನಕ ಬಿಡ್ತಿರ್ಲಿಲ್ಲ. 'ನನ್ನದು' ಅಂತಾನೇ ಹೇಳ್ತಾನೆ. ಅದಕ್ಕೇ ನಾನು 'ನಿನ್ನದು' ಅಂತೀನಿ. ಅವನ ಮನೇಲೇ ಇರ್ಲಿ. ಸೂರಿರೋ ಕಡೆ ಇರ್ಲಿ."

ಇದನ್ನು ಹೇಳುವಾಗ ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ಆಮೇಲೆ ಎದ್ದು ಹೋದಳು.

ಅವಳು ಬೀದಿಯ ಆ ತಿರುವು ದಾಟುತ್ತಿದ್ದ ಹಾಗೆ ಈ ತಿರುವಿನಿಂದ ಅವಳ ಗಂಡ ಬಂದ. ಅದೇ ಮಣೆಯ ಮೇಲೆ ಕೂತ. ಮಣೆ ಇನ್ನೂ ಬೆಚ್ಚಗಿತ್ತು, ಆದರೆ ಬೇಸಿಗೆಯಾದ್ದರಿಂದ ಅವನಿಗೆ ಅದು ತಿಳಿಯಲಿಲ್ಲ. ವಕೀಲಮ್ಮ ಅವನಿಗೂ ಎಲ್ಲ ಕ್ರಮವನ್ನೂ ತಿಳಿಸಿದಳು. ಒಂದು ಮಾತನ್ನೂ ಬಿಡಲಿಲ್ಲ. ಇಬ್ಬರೂ ನಿನ್ನದು ಎಂದರೂ ಸಂದಿಗೇ ಅನ್ನುವ ಮಾತನ್ನು ಅವನಿಗೆ ಎರಡು ಸಲ ಹೇಳಿದಳಂತೆ. ಅವನ ಕಿವಿ ಮಾತ್ರ ತನ್ನನ್ನು ಹೆದರಿಸಿದ್ದನ್ನಷ್ಟೇ ಹಿಡಿದುಕೊಂಡಿತು.

"ಅವಳ ಹಠ ನಿಮಗೆ ಗೊತ್ತಿಲ್ಲ," ಎಂದ ಅವನು. "ಹಾಲಿನ ಮೇಲಿನ ಕೆನೇನೂ ಬಿಟ್ಟುಕೊಡೋಳಲ್ಲ. 'ನನ್ನದು' ಅಂತ ಕೂಗೇ ಕೂಗ್ತಾಳೆ. ನಾನೂ ಕೂಗಿದ್ರೆ ಮಗು ಗೋಡೆ ಪಾಲಾಗತ್ತೆ. ಬೇಡ ವಕೀಲಮ್ಮ, ನಾನು 'ನಿನ್ನದು' ಅಂದುಬಿಡ್ತೀನಿ. ಅದು ಅವಳ ಮಡಿಲಲ್ಲೇ ಇರ್ಲಿ. ದೂರದಿಂದ ನೋಡ್ಕೊಂಡಿರ್ತೀನಿ."

ವಕೀಲಮ್ಮ ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ, "ಇನ್ನೊಂದು ಸಲ ಯೋಚನೆ ಮಾಡಪ್ಪಾ. ಅವಳೇನು ಹೇಳಬಹುದು ಅಂತ," ಎಂದಳು. ಯೋಚನೆ ಮಾಡುವುದೇನಿದೆ, ಇಷ್ಟು ಕಾಲ ಜೊತೆಗೆ ಬಾಳಿದವನಿಗೆ ಅಷ್ಟೂ ಗೊತ್ತಿಲ್ಲವಾ ಎಂದು ಅವನು ನಕ್ಕ. ಮೊದಲೇ ಬಂದುಹೋದ ಹೆಂಗಸಿಗೂ ಅವಳು ಹೊಸ್ತಿಲ ತನಕ ಹೋಗಿ ಇದೇ ಮಾತು ಹೇಳಿದ್ದಳು. ಆ ಹೆಂಗಸೂ ಇದೇ ಉತ್ತರ ಕೊಟ್ಟು ಹೀಗೆಯೇ ನಕ್ಕಿದ್ದಳು.

ಒಂದೇ ಒಂದು ಮಾತು ಸಾಕಿತ್ತು. ಆ ಮಾತಾಡಿದ್ದರೆ ಅವಳ ವಕೀಲಿಕೆ ಹೋಗುತ್ತಿತ್ತು, ಹೋಗಲಿ. ಆದರೆ ನಾವೇ ತಾನೇ ಅವಳನ್ನು ಆ ಜಾಗದಲ್ಲಿ ಕೂರಿಸಿದ್ದು, ಅವಳು ಬಾಯಿಬಿಡುವುದಿಲ್ಲ ಎಂದೇ ತಾನೇ ಊರೆಲ್ಲ ಅವಳನ್ನು ಹೊಗಳಿದ್ದು.

ಪಾಲಿನ ದಿನ ಬೆಳಿಗ್ಗೆಯೇ ಊರು ಆ ಮನೆಯ ಅಂಗಳದಲ್ಲಿ ಸೇರಿತು. ಪಾಲು ನೋಡುವುದೆಂದರೆ ನಮಗೆ ಹಬ್ಬ. ಕೆಲವರು ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದರು. ಸುಣ್ಣದ ಗೆರೆ ಎಳೆದಾಯಿತು. ಗಂಡ ಒಂದು ಕಡೆಗೆ ಮುಖ ಮಾಡಿದ, ಹೆಂಡತಿ ಇನ್ನೊಂದು ಕಡೆಗೆ. ಬೆನ್ನಿಗೆ ಬೆನ್ನು ತಾಗಿತು. ಎಷ್ಟೋ ಕಾಲದ ಮೇಲೆ ಅವರು ಅಷ್ಟು ಹತ್ತಿರ ನಿಂತಿದ್ದರು.

ಮಗು ಗೆರೆಯ ತುದಿಯಲ್ಲಿ ಕೂತಿತ್ತು. ಹೆಣ್ಣುಮಗು. ಮುಂದಿನ ಹಾಲುಹಲ್ಲು ಬಿದ್ದು ಹೊಸದು ಇನ್ನೂ ಬಂದಿರಲಿಲ್ಲ. ಸುಣ್ಣದಲ್ಲಿ ಬೆರಳದ್ದಿ ನೆಲದ ಮೇಲೆ ಇನ್ನೊಂದು ಪುಟ್ಟ ಮನೆ ಬರೆಯುತ್ತಿತ್ತು. ವಕೀಲಮ್ಮ ಪಕ್ಕದಲ್ಲಿ ಹಾದುಹೋಗುವಾಗ ಅವಳ ಸೀರೆ ಹಿಡಿದು ಎಳೆಯಿತು.

"ಅಜ್ಜಿ, ಜಾಗಟೆ ಬಡಿದಾಗ ನಾನೇನು ಹೇಳ್ಬೇಕು?"

"ನಿನ್ನನ್ನ ಯಾರೂ ಕೇಳೋದಿಲ್ಲ ಮಗಳೇ."

ಮಗು ತಲೆಯಾಡಿಸಿ ಮತ್ತೆ ಮನೆ ಬರೆಯತೊಡಗಿತು. ಆ ಮನೆಗೆ ಒಂದೇ ಕೋಣೆ.

ಜಾಗಟೆ ಸದ್ದಾಯಿತು. ಚಾಪೆ ಬಂತು. ನನ್ನದು, ನಿನ್ನದು. ಗಂಡನ ಕಡೆಗೆ ಹೋಯಿತು. ಕೊಳಗ ಬಂತು. ನಿನ್ನದು, ನನ್ನದು. ಹೆಂಡತಿಯ ಕಡೆಗೆ ಹೋಯಿತು. ತೂತುಬಿದ್ದ ಬಿಂದಿಗೆ ಬಂತು. ನಿನ್ನದು, ನಿನ್ನದು. ಜನ ಗೊಳ್ಳೆಂದು ನಕ್ಕರು. ಬಿಂದಿಗೆಯನ್ನು ಎತ್ತಿ ಸುಣ್ಣದ ಗೆರೆಯ ಮೇಲಿಟ್ಟರು. ಮುರಿದ ಕೊಡೆ ಬಂತು. ನಿನ್ನದು, ನಿನ್ನದು. ಮತ್ತೆ ನಗು. ಹೆಂಡತಿಯೂ ನಕ್ಕಳು, ಗಂಡನೂ ನಕ್ಕ. ಅವನ ನಗು ಅವಳ ಬೆನ್ನಿಗೆ ತಾಗಿತು, ಅವಳದು ಅವನ ಬೆನ್ನಿಗೆ. ಆಗಲೇ ತಿರುಗಿ ನೋಡಿದ್ದರೆ ಚೆನ್ನಾಗಿತ್ತು.

ಆಮೇಲೆ ನಗು ನಿಂತಿತು. ತೂಗುಮಣೆ ಬಂತು. ನನ್ನದು, ನನ್ನದು. ಹಿತ್ತಾಳೆಯ ದೀಪ ಬಂತು. ನನ್ನದು, ನನ್ನದು. ಹರಿದ ಸೀರೆ, ಹರಿದ ಪಂಚೆ ಎರಡನ್ನೂ ಸೇರಿಸಿ ಮಗುವಿಗೆಂದು ಹೊಲಿದ ಕೌದಿ ಬಂತು. ನನ್ನದು, ನನ್ನದು. ಅವರು ಯಾವುದನ್ನು ಪ್ರೀತಿಸಿದ್ದರೋ ಅದೆಲ್ಲ ಗೆರೆಯ ಮೇಲೆ ಬಂದು ಬಿತ್ತು. ಒಂದೊಂದು ಸಲ ಜಾಗಟೆ ಬಡಿದಾಗಲೂ ಹೆಂಡತಿ ಮನಸ್ಸಿನಲ್ಲಿ ಅಂದುಕೊಂಡಳು, ನೋಡು, ಬಿಡುವುದಿಲ್ಲ ಅವನು, ಒಂದನ್ನೂ ಬಿಡುವುದಿಲ್ಲ. ಗಂಡನೂ ಅದನ್ನೇ ಅಂದುಕೊಂಡ. ಇಬ್ಬರ ತೀರ್ಮಾನವೂ ಗಟ್ಟಿಯಾಯಿತು.

ಕೊನೆಗೆ ಮಗುವನ್ನು ಕೈಹಿಡಿದು ಕರೆತಂದು ನಿಲ್ಲಿಸಿದರು. ಅದರ ಬೆರಳಿನಲ್ಲಿ ಸುಣ್ಣ ಇನ್ನೂ ಒಣಗಿರಲಿಲ್ಲ.

ವಕೀಲಮ್ಮ ಕೋಲು ಎತ್ತಿದಳು. ಬಡಿಯಲಿಲ್ಲ. ಎತ್ತಿದ ಕೈ ಹಾಗೆಯೇ ನಿಂತಿತು. ಹೊತ್ತಾಯಿತು, ಊಟದ ಹೊತ್ತಾಯಿತು ಎಂದು ಜನ ಗೊಣಗಿದರು. ಅವಳು ಜನರ ಕಡೆ ನೋಡಲಿಲ್ಲ. ಇಬ್ಬರ ಮಗ್ಗುಲಿಗೆ ಬಂದು ನಿಂತು, ಇಬ್ಬರಿಗೂ ಕೇಳುವ ಹಾಗೆ, ಅದುವರೆಗೆ ಯಾವ ಪಾಲಿನಲ್ಲೂ ಆಡದ ಒಂದು ಮಾತಾಡಿದಳು.

"ಇದೊಂದನ್ನ ನಾಳೆಗೆ ಇಟ್ಕೊಳ್ಳೋಣವಾ?"

ನಾಳೆ ಎಂದರೆ ತನ್ನ ಧೈರ್ಯ ಉಳಿಯುವುದಿಲ್ಲ ಎಂದು ಹೆಂಡತಿಗೆ ಹೆದರಿಕೆಯಾಯಿತು. ಒಂದು ರಾತ್ರಿ ಮಗುವಿನ ಪಕ್ಕ ಮಲಗಿದರೆ ಬೆಳಿಗ್ಗೆ ನನ್ನದು ಎಂದುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಬೇಡ ಎಂದು ತಲೆಯಾಡಿಸಿದಳು. ಗಂಡನಿಗೂ ಅದೇ ಹೆದರಿಕೆ. ಅವನೂ ಬೇಡ ಎಂದ. ಅವನ ಬೆನ್ನಿಗೆ ಅವಳ ಬೆನ್ನಿನ ನಡುಕ ತಾಗುತ್ತಿತ್ತು. ಗೆಲ್ಲುವ ಆತುರ ಇದು ಎಂದು ಅವನು ತಿಳಿದ. ಅವನ ಉಸಿರು ಕಟ್ಟಿದ್ದು ಅವಳಿಗೆ ತಿಳಿಯಿತು. ಕೂಗಲು ಗಂಟಲು ಸಿದ್ಧ ಮಾಡಿಕೊಳ್ಳುತ್ತಿದ್ದಾನೆ ಎಂದು ಅವಳು ತಿಳಿದಳು.

ಜಾಗಟೆ ಸದ್ದಾಯಿತು.

"ನಿನ್ನದು."

"ನಿನ್ನದು."

ಯಾರೂ ನಗಲಿಲ್ಲ. ಮಂಡಕ್ಕಿ ತಿನ್ನುತ್ತಿದ್ದವರ ಕೈ ಬಾಯಿಯ ಹತ್ತಿರವೇ ನಿಂತಿತು. ಬೆನ್ನುಗಳು ಬೇರೆಯಾದವು. ಇಬ್ಬರೂ ತಿರುಗಿದರು, ತಿರುಗಿ ಒಬ್ಬರ ಮುಖ ಒಬ್ಬರು ನೋಡಿದರು. ಅಂಥ ನೋಟವನ್ನು ನಾನು ಬೇರೆ ಯಾವ ದಂಪತಿಯಲ್ಲೂ ಕಂಡಿಲ್ಲ, ಮದುವೆಯ ಚಪ್ಪರದಲ್ಲೂ ಕಂಡಿಲ್ಲ. ಹೆಂಡತಿಯ ತುಟಿ ಅಲುಗಿತು, ಅವಳು ಏನೋ ಕೇಳಹೊರಟಳು. ಆದರೆ ಗೆರೆ ಎಳೆದಾಗಿತ್ತು.

ಮಗು ಬಿಂದಿಗೆಯನ್ನು ನೋಡಿತು, ಕೊಡೆಯನ್ನು ನೋಡಿತು. ನಿನ್ನದು ನಿನ್ನದು ಎಂದರೆ ಎಲ್ಲಿಗೆ ಹೋಗಬೇಕು ಎಂದು ಅದು ಬೆಳಗಿನಿಂದ ನೋಡಿ ಕಲಿತಿತ್ತು. ಯಾರೂ ಹೇಳದೆಯೇ ನಡೆದುಹೋಗಿ ಕೌದಿಯ ಪಕ್ಕದಲ್ಲಿ ಗೆರೆಯ ಮೇಲೆ ಕೂತುಕೊಂಡಿತು.

ಗೋಡೆ ಕಟ್ಟದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ನಮ್ಮ ಊರಲ್ಲಿ ಯಾರೂ ಕೇಳಲಿಲ್ಲ. ಗಂಡ ಇಟ್ಟಿಗೆ ಇಟ್ಟ, ಹೆಂಡತಿ ಇಟ್ಟಿಗೆ ಇಟ್ಟಳು. ಗಂಡ ಮಣ್ಣು ಮೆತ್ತಿದ, ಹೆಂಡತಿ ಮಣ್ಣು ಮೆತ್ತಿದಳು. ಮಗುವಿನ ಮೊಣಕಾಲು ಮರೆಯಾಯಿತು, ಎದೆ ಮರೆಯಾಯಿತು, ಹಲ್ಲಿಲ್ಲದ ಬಾಯಿ ಮರೆಯಾಯಿತು. ಕಣ್ಣಿನ ಮಟ್ಟದ ಇಟ್ಟಿಗೆ ಇಡುವಾಗ ಇಬ್ಬರ ಕೈಯೂ ತಡೆಯಿತು. ನಿನ್ನ ಮನೆಯಲ್ಲಿ ಇಷ್ಟೊತ್ತಿಗೆ ದೀಪ ಹಚ್ಚಬೇಕು, ಬೇಗ ಮುಗಿಸು ಎಂದು ಊರಿನ ಹಿರಿಯರು ಹೇಳಿದರು. ಇಬ್ಬರೂ ಮುಗಿಸಿದರು. ಹೊರಡುವ ಮುಂಚೆ ವಕೀಲಮ್ಮ ಕ್ರಮದ ಕೊನೆಯ ಮಾತನ್ನು ಎರಡೂ ಕಡೆ ಹೋಗಿ ಹೇಳಿದಳು. ಮಗು ತಾನಾಗಿ ಹತ್ತಿ ಮೇಲೆ ಬರುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಬಂದ ದಿನ ಯಾರು ಮೊದಲು ನನ್ನದು ಎನ್ನುತ್ತಾರೋ ಅದು ಅವರದ್ದು. ಆವತ್ತು ಜಾಗಟೆ ಇರುವುದಿಲ್ಲ.

ಮಗು ಸಂದಿಯಲ್ಲಿ ಬೆಳೆಯಿತು. ಬೆಳಿಗ್ಗೆ ತಾಯಿ ಏಣಿ ಹತ್ತಿ ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಅನ್ನ ಇಳಿಸುತ್ತಿದ್ದಳು, ಸಂಜೆ ತಂದೆ ಇಳಿಸುತ್ತಿದ್ದ. ಮಳೆ ಬಂದರೆ ಅದು ಮುರಿದ ಕೊಡೆ ಬಿಚ್ಚುತ್ತಿತ್ತು, ಚಳಿಯಾದರೆ ಕೌದಿ ಹೊದೆಯುತ್ತಿತ್ತು. ತೂಗುಮಣೆಯನ್ನು ನೇತುಹಾಕಲು ಜಾಗವಿರಲಿಲ್ಲ, ಅದಕ್ಕೆ ಒರಗಿ ನಿಲ್ಲುತ್ತಿತ್ತು. ಅದರ ಹಿಂದೆ ಒಂದು ಗೋಡೆ, ಮುಂದೆ ಒಂದು ಗೋಡೆ. ಒಂದರ ಆಚೆ ತಾಯಿ ಅಡಿಗೆ ಮಾಡುವ ಸದ್ದು, ಇನ್ನೊಂದರ ಆಚೆ ತಂದೆ ಕೆಮ್ಮುವ ಸದ್ದು. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಮನೆಯಾಗಿ ಉಳಿದದ್ದು ಆ ಸಂದಿ ಒಂದೇ.

ತಾಯಿ ಮಧ್ಯಾಹ್ನದ ಹೊತ್ತು ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದಳು. ಒಂದು ದಿನ ಒಳಗಿನಿಂದ ಮಗು ಹೇಳಿತು, "ಅಮ್ಮಾ, ಅಪ್ಪನೂ ಆ ಕಡೆ ಗೋಡೆಗೆ ತಲೆಯಿಟ್ಟು ಕೂತಿದಾನೆ."

"ಏನಂತಾನೆ?"

"ನೀನು ಕೇಳೋದನ್ನೇ ಕೇಳ್ತಾನೆ. ನಿನ್ನ ಊಟ ಆಯ್ತಾ ಅಂತ."

ತನಗೆ ಸಮಾಧಾನವಾಗಲಿ ಎಂದು ಮಗು ಕಥೆ ಕಟ್ಟುತ್ತಿದೆ ಎಂದುಕೊಂಡಳು ತಾಯಿ. ಮಗುವನ್ನು ಬಿಟ್ಟುಕೊಟ್ಟಿರಬಹುದು, ಊಟ ಆಯಿತಾ ಎಂದು ಕೇಳುವ ಸ್ವಭಾವ ಅವನದಲ್ಲ. ಸಂಜೆ ಮಗು ಇನ್ನೊಂದು ಕಡೆಗೂ ಹೀಗೇ ಹೇಳಿತು. ತಂದೆಯೂ ನಂಬಲಿಲ್ಲ. ಕೆಲ ಕಾಲದ ನಂತರ ಮಗು ಹೇಳುವುದನ್ನು ಬಿಟ್ಟಿತು. ಎರಡೂ ಕಡೆ ಕೇಳಿಸಿಕೊಳ್ಳುವುದು, ಸುಮ್ಮನಿರುವುದು, ಅದು ಅದಕ್ಕೆ ಅಭ್ಯಾಸವಾಯಿತು.

ಬೇಸಿಗೆಗಳು ಹೋದವು, ಮಳೆಗಾಲಗಳು ಹೋದವು. ಮಗು ಹುಡುಗಿಯಾಯಿತು, ಹುಡುಗಿಯ ಕಾಲು ಉದ್ದವಾಯಿತು. ಒಂದು ಗೋಡೆಗೆ ಬೆನ್ನು ಕೊಟ್ಟು, ಇನ್ನೊಂದಕ್ಕೆ ಪಾದ ಒತ್ತಿ, ಅವಳು ಒಂದು ಬೆಳಿಗ್ಗೆ ಮೇಲಕ್ಕೆ ಹತ್ತಿದಳು. ಹೆಂಚುಗಳ ನಡುವಿನ ಕಪ್ಪು ಗೆರೆಯಿಂದ ಮೊದಲು ಕೂದಲು ಬಂತು, ಆಮೇಲೆ ಕೈ ಬಂತು. ಗೋಡೆಯ ನೆತ್ತಿಯ ಮೇಲೆ ಅವಳು ಎದ್ದು ನಿಂತಳು. ಸುದ್ದಿ ಹರಡಿ ಊರು ಓಡಿಬಂತು.

ಒಂದು ಅಂಗಳದಲ್ಲಿ ತಾಯಿ ಬಂದು ನಿಂತಳು, ಇನ್ನೊಂದರಲ್ಲಿ ತಂದೆ. ಇಬ್ಬರ ತಲೆಯೂ ನರೆತಿತ್ತು. ಇಬ್ಬರೂ ಕತ್ತೆತ್ತಿ ನೋಡಿದರು. ಒಂದೇ ಒಂದು ಮಾತು, ಅದೂ ಜಾಗಟೆಯಿಲ್ಲದ ಮಾತು, ಯಾರು ಬೇಕಾದರೂ ಆಡಬಹುದಾಗಿತ್ತು. ತಾಯಿ ಬಾಯಿ ತೆರೆದಳು. ಆಗ ಅವಳಿಗೆ ಆ ದಿನ ನೆನಪಾಯಿತು. ಆವತ್ತು ಅವನು ತನಗಾಗಿ ಬಿಟ್ಟುಕೊಟ್ಟಿದ್ದ, ತಾನು ಅವನನ್ನು ತಪ್ಪು ತಿಳಿದಿದ್ದೆ, ಈಗಲಾದರೂ ಅವನೇ ಮೊದಲು ಅನ್ನಲಿ ಎಂದು ತಡೆದುಕೊಂಡಳು. ತಂದೆಯೂ ಬಾಯಿ ತೆರೆದಿದ್ದ. ಆವತ್ತು ಅವಳು ಬಿಟ್ಟುಕೊಟ್ಟಳಲ್ಲ, ಇವತ್ತಿನದು ಅವಳದ್ದು ಎಂದು ಅವನೂ ತಡೆದುಕೊಂಡ. ಇಬ್ಬರ ನಡುವೆ ಜೋಡಿಗೋಡೆಯಿತ್ತು, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ.

ಕಾಣುತ್ತಿದ್ದದ್ದು ಹುಡುಗಿಗೆ ಮಾತ್ರ. ಅವಳು ಈ ಅಂಗಳ ನೋಡಿದಳು, ಆ ಅಂಗಳ ನೋಡಿದಳು. ಇಬ್ಬರ ಬಾಯಿಯೂ ತೆರೆದಿರುವುದನ್ನು ನೋಡಿದಳು. ಕಾದಳು. ಅವಳ ನೆರಳು ತಂದೆಯ ಹೆಂಚಿನ ಮೇಲಿದ್ದದ್ದು ಜರುಗಿ ತಾಯಿಯ ಹೆಂಚಿನ ಮೇಲೆ ಬರುವ ತನಕ ಕಾದಳು. ಕೆಳಗೆ ನಾವೂ ಕಾದೆವು. ಅನ್ನಿ, ಯಾರಾದರೂ ಅನ್ನಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ನಾನೂ ಅನ್ನಲಿಲ್ಲ.

ಆಮೇಲೆ ಅವಳು ಗೋಡೆಯ ನೆತ್ತಿಯ ಮೇಲೇ ನಡೆಯುತ್ತಾ ಬೀದಿಯ ಕಡೆಯ ತುದಿಗೆ ಬಂದಳು. ಅಲ್ಲಿ ಹಣ್ಣು ಹಣ್ಣು ಮುದುಕಿಯಾಗಿದ್ದ ವಕೀಲಮ್ಮ ಏಣಿ ಹಿಡಿದು ನಿಂತಿದ್ದಳು. ಅವಳನ್ನೂ ಒಂದು ಕಾಲದಲ್ಲಿ ಹೀಗೇ ಯಾರೋ ಇಳಿಸಿಕೊಂಡಿದ್ದರಂತೆ. ಹುಡುಗಿ ಇಳಿದಳು. ಇಬ್ಬರೂ ನಡೆದುಹೋದರು. ಎತ್ತಿನಗಾಡಿ ನುಗ್ಗುವಷ್ಟು ಅಗಲದ ಆ ಬಾಗಿಲ ಎದುರು ಹುಡುಗಿ ಒಂದು ಕ್ಷಣ ನಿಂತು, ಭುಜ ತಿರುಗಿಸಿ, ಮಗ್ಗುಲಾಗಿ ಒಳಗೆ ಹೋದಳು. ಮಕ್ಕಳು ನಕ್ಕರು. ನಾವು ಗದರಿದೆವು.

ಮುದುಕಿ ತೀರಿಕೊಂಡಳು. ತಾಯಿ ತೀರಿಕೊಂಡಳು, ಸ್ವಲ್ಪ ದಿನಕ್ಕೆ ತಂದೆಯೂ ಹೋದ. ಈಗ ಊರು ಆ ಹುಡುಗಿಯನ್ನೇ ವಕೀಲಮ್ಮ ಎನ್ನುತ್ತದೆ. ಇಂಥ ವಕೀಲಮ್ಮ ನಮಗೆ ಹಿಂದೆಂದೂ ಸಿಕ್ಕಿರಲಿಲ್ಲ ಎಂದು ಹಿರಿಯರು ಹೊಗಳುತ್ತಾರೆ. ಎರಡೂ ಕಡೆಯ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾಳೆ.

ಮೊನ್ನೆ ಒಬ್ಬ ಹೆಂಗಸು ಅವಳ ಮಣೆಯ ಮೇಲೆ ಕೂತು, ತನ್ನ ಗಂಡ ಯಾವತ್ತೂ ಬಿಟ್ಟುಕೊಡುವವನಲ್ಲ, ಮಗು ಸಂದಿಗೆ ಹೋಗಬಾರದು, ತಾನು ನಿನ್ನದು ಎಂದುಬಿಡುತ್ತೇನೆ ಎಂದಳು. ಅವಳು ಎದ್ದು ಹೋದ ಮೇಲೆ ಅವಳ ಗಂಡ ಬಂದು ಅದೇ ಮಣೆಯ ಮೇಲೆ ಕೂತ. ಅವನೂ ಅದನ್ನೇ ಹೇಳಿದ.

ವಕೀಲಮ್ಮ ಅವನನ್ನು ನೋಡಿದಳು. ಅವಳ ಬೆರಳುಗಳು ಏನನ್ನೋ ಬರೆಯುವ ಹಾಗೆ ನೆಲದ ಮೇಲೆ ಆಡುತ್ತಿದ್ದವು. ಬಾಯಿ ತೆರೆದಳು.

"ಇನ್ನೊಂದು ಸಲ ಯೋಚನೆ ಮಾಡಪ್ಪಾ," ಎಂದಳು.